ಉಪ್ಪುಮಣ್ಣು ಹುಡುಕಿದ ಚಿಪ್ಪುಹಂದಿ

ಮಕ್ಕಳೇ, ಕುರುಚಲು ಗುಡ್ಡದ ಆಚೆ ಒಂದು ಕಾಡಿತ್ತು. ಎಂಥ ಕಾಡು ಅಂತೀರಿ! ಅಲ್ಲಿನ ಬಿದಿರು ಬೆಳೆದು ಬೆಳೆದು ಚಂದ್ರನ ಕೆನ್ನೆ ಗೀರಿಬಿಟ್ಟಿತ್ತು. ಆ ಗೀರು ಇವತ್ತಿಗೂ ಇದೆ, ಬೇಕಾದರೆ ಹುಣ್ಣಿಮೆ ದಿನ ನೋಡಿಕೊಳ್ಳಿ.

ಆ ಕಾಡಿನಲ್ಲಿ ಒಂದು ಜಿಂಕೆ, ಅದಕ್ಕೊಂದು ಹಾಲು ಕುಡಿಯುವ ಮರಿ. ಜಿಂಕೆಗೆ ಬರೀ ಹುಲ್ಲು ಸಾಲದು, ಆಗಾಗ ಉಪ್ಪುಮಣ್ಣು ನೆಕ್ಕಬೇಕು. ಆ ವರ್ಷ ಹಳ್ಳ ಉಕ್ಕಿ ಇದ್ದ ಉಪ್ಪುಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ತಾಯಿಯ ಹಾಲು ಬತ್ತುತ್ತಾ ಬಂತು. ಮರಿಗೆ ಎದ್ದು ನಿಲ್ಲುವಷ್ಟೂ ತ್ರಾಣವಿರಲಿಲ್ಲ.

ಪಕ್ಕದ ಬಿಲದ ಚಿಪ್ಪುಹಂದಿ ಎದೆ ತಟ್ಟಿಕೊಂಡಿತು. "ಅಳಬೇಡ ಜಿಂಕಕ್ಕ, ಉಪ್ಪುಮಣ್ಣು ತೋಡಿ ಕೊಡಲು ನಾನಿದ್ದೇನೆ. ಹೋದ ಸಲ ನಾನು ತೋಡಿದಾಗ ಪಾತಾಳದವರು 'ನಮ್ಮ ಸೂರು ತೂತಾಯ್ತು' ಅಂತ ಜಗಳಕ್ಕೇ ಬಂದಿದ್ದರು!"

ಜೊತೆಗಿದ್ದ ಇಲಿ ಹೇಳಿತು: "ಮಾವ, ನಿನಗೆ ತಿನ್ನಲು ಉಳಿದಿರುವುದು ಒಂದೇ ಹುತ್ತದ ಗೆದ್ದಲು. ಅದು ಮುಗಿದರೆ ನಿನ್ನ ಕಸುವೂ ಮುಗಿಯಿತು. ಮೊದಲು ನಾನು ಅಲ್ಲಲ್ಲಿ ಒಂದೊಂದು ಗೇಣು ಕೆದಕುತ್ತೇನೆ, ಅಕ್ಕ ರುಚಿ ನೋಡಲಿ. ಆಮೇಲೆ ನೀನು ಆಳಕ್ಕೆ ಇಳಿ."

"ಕೆದಕುವುದು ಕೋಳಿಯ ಕೆಲಸ ಕಣೋ!" ಎಂದಿತು ಚಿಪ್ಪುಹಂದಿ. ಮುತ್ತುಗದ ಮರದ ಬುಡದಲ್ಲಿ ಮಣ್ಣು ಕೊಂಚ ಬೆಳ್ಳಗೆ ಕಂಡಿತ್ತು, ಅಷ್ಟೇ ಸಾಕಾಯಿತು. ಸರಸರ ತೋಡತೊಡಗಿತು.

ಆಳುದ್ದ ಇಳಿಯಿತು. ಬರೀ ಜೇಡಿಮಣ್ಣು. ಇನ್ನೂ ಇಳಿಯಿತು. ಬರೀ ಕಲ್ಲು.

"ಸಾಕು, ಮೇಲೆ ಬಾ ಮಾವ!" ಇಲಿ ಕೂಗಿತು.

"ಇಷ್ಟು ಇಳಿದು ಬರಿಗೈಯಲ್ಲಿ ಬರಲೇನೋ? ಇನ್ನೊಂದೇ ಗೇಣು!"

ಗೆದ್ದಲು ತಿನ್ನಲು ಮೇಲೆ ಬರುವುದು, ಮತ್ತೆ ಅದೇ ಗುಂಡಿಗೆ ಇಳಿಯುವುದು. ಹುತ್ತದಲ್ಲಿ ಹಿಡಿಯಷ್ಟು ಗೆದ್ದಲು ಉಳಿದಾಗ ಕೆಳಗೆ ಹಾಸುಬಂಡೆ ಸಿಕ್ಕಿತು. ಚಿಪ್ಪುಹಂದಿ ತೆವಳಿಕೊಂಡು ಮೇಲೆ ಬಂದು, ಯಾರ ಮುಖವನ್ನೂ ನೋಡಲಾರದೆ ಉಂಡೆಯಾಗಿ ಸುತ್ತಿಕೊಂಡಿತು.

ಜಿಂಕೆ ಮೂತಿಯಿಂದ ಮೆಲ್ಲಗೆ ತಟ್ಟಿತು. "ಮುಖ ತೋರಿಸಪ್ಪ. ನನ್ನ ಕೂಸಿಗಾಗಿ ತಾನೇ ಉಗುರು ಸವೆಸಿದ್ದು?"

"ಅರ್ಧ ಕೂಸಿಗೆ, ಅರ್ಧ ನನ್ನ ಜಂಬಕ್ಕೆ ಅಕ್ಕ," ಉಂಡೆಯೊಳಗಿಂದ ದನಿ ಬಂತು.

ಇಲಿ ಅಲ್ಲಲ್ಲಿ ಕೆದಕುತ್ತ ಹೊರಟಿತು, ಜಿಂಕೆ ನೆಕ್ಕಿ ನೋಡುತ್ತ ಹಿಂದೆ ಹೋಯಿತು. ಹಳ್ಳದ ದಂಡೆಯ ಮಣ್ಣು ಸಪ್ಪೆ. ಗುಡ್ಡದ ಬುಡದ ಬಂಡೆಯ ಪಕ್ಕದ್ದು ತುಸು ಉಪ್ಪು. ಅಲ್ಲಿಂದ ಮೇಲಕ್ಕೆ ಹೋದಷ್ಟೂ ರುಚಿ ಏರಿತು. ಕಾರೆ ಪೊದೆಯ ಕೆಳಗಿನ ಮಣ್ಣು ನೆಕ್ಕಿದ ಜಿಂಕೆಯ ಕಿವಿ ನೆಟ್ಟಗಾಯಿತು. "ಇಲ್ಲಿ ನಾಲಿಗೆ ಚುರ್ ಅಂತು!"

ಇಲಿ ತೋಡಿ ನೋಡಿತು. ಗೇಣಿನ ಕೆಳಗೆ ಗಟ್ಟಿ ನೆಲ. ಚಿಪ್ಪುಹಂದಿಯ ಬಳಿಗೆ ಓಡಿ ಬಂದು ಹೇಳಿತು: "ಇನ್ನು ನನ್ನಿಂದಾಗದು. ಇದು ನಿನ್ನ ಕೈಯ ಕೆಲಸ ಮಾವ."

"ಮತ್ತೆ ಕಲ್ಲೇ ಸಿಕ್ಕರೆ?"

"ಆಗ ಮೂವರೂ ಕೂತು ಅಳೋಣ. ಈಗ ತೋಡು."

ಉಳಿದ ಗೆದ್ದಲನ್ನು ತಿಂದು ಚಿಪ್ಪುಹಂದಿ ಇಳಿಯಿತು. ಈ ಸಲ ಸದ್ದಿಲ್ಲ, ಬಡಾಯಿಯಿಲ್ಲ. ಗಟ್ಟಿ ಪದರ ಒಡೆಯಿತು. ಅದರಡಿ ಬೂದುಬಣ್ಣದ ಉಪ್ಪುಮಣ್ಣು, ಕಾಡಿಗೆಲ್ಲ ಸಾಲುವಷ್ಟು!

ಜಿಂಕೆ ಕಣ್ಮುಚ್ಚಿ ನೆಕ್ಕಿತು. ನಾಲ್ಕಾರು ದಿನದಲ್ಲಿ ಕೆಚ್ಚಲಿಗೆ ಮತ್ತೆ ಹಾಲು ಇಳಿಯಿತು. ಒಂದು ಬೆಳಗ್ಗೆ ಮರಿ ತಾನೇ ಎದ್ದು, ತೂರಾಡುತ್ತ ಬಂದು, ಚಿಪ್ಪುಹಂದಿಯ ಸವೆದ ಉಗುರುಗಳನ್ನು ಒಂದೊಂದಾಗಿ ನೆಕ್ಕಿತು. ಅಷ್ಟು ಬಡಾಯಿ ಕೊಚ್ಚುತ್ತಿದ್ದ ಪ್ರಾಣಿ ಅವತ್ತು ಮೆಲ್ಲಗೆ ಇನ್ನೊಂದು ಕೈಯನ್ನೂ ಮುಂದೆ ಚಾಚಿತು.

ನೀತಿ: ಇರುವ ಬಲ ಸ್ವಲ್ಪವಾದರೆ ಮೊದಲು ಅಲ್ಲಲ್ಲಿ ಕೆದಕಿ ತಿಳಿದುಕೊಳ್ಳಬೇಕು, ಗುರುತು ಸಿಕ್ಕ ಮೇಲೆ ಆಳಕ್ಕೆ ಇಳಿಯಲು ಅಂಜಬಾರದು.