ಸಾಹೇಬರ ಕೈಗೂ ಒಂದು ಕಾರ್ಡು

ತಪಾಸಣೆಗೆ ಬಂದ ಸಾಹೇಬರು ಏಳನೇ ತರಗತಿಯ ಬಾಗಿಲಲ್ಲೇ ಗುಡುಗಿದರು. "ಮೂವತ್ತು ಮಕ್ಕಳಿಗೆ ಒಂದೂ ಕಂಪ್ಯೂಟರ್ ಇಲ್ಲ! ಡಿಜಿಟಲ್ ಪಾಠ ಅಂತ ವರದಿ ಬರದೀರಿ. ಈಗಲೇ ಮಾಡಿ ತೋರಿಸ್ರಿ, ಇಲ್ಲಾಂದ್ರ ನೋಟಿಸ್ ಕೊಡ್ತೀನಿ."

ನೀಲವ್ವ ಟೀಚರ್ ಮೇಜಿನ ಖಾನೆ ಎಳೆದರು. ಅವರ ಹತ್ತಿರ ಇದ್ದದ್ದು ಒಂದು ಹಳೇ ಮೊಬೈಲು, ಅದರಲ್ಲೊಂದು ಉಚಿತ ಆ್ಯಪು, ಒಂದು ಕಟ್ಟು ರಟ್ಟಿನ ಕಾರ್ಡು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ; ಮಕ್ಕಳು ಯಾವ ಬದಿ ಮೇಲೆ ಬರುವಂತೆ ಹಿಡಿದರೋ ಅದೇ ಅವರ ಉತ್ತರ. ಟೀಚರ್ ಮೊಬೈಲಿನ ಕ್ಯಾಮೆರಾ ಅವರತ್ತ ತಿರುಗಿಸಿದರೆ ಪರದೆಯ ಮೇಲೆ ಸರಿ ಹೇಳಿದವರ ಹೆಸರು ಹಸಿರಾಗುತ್ತಿತ್ತು, ತಪ್ಪಿದವರದು ಕೆಂಪು.

ಮಕ್ಕಳಿಗೆಲ್ಲ ಹಂಚಿದ ಮೇಲೆ ಆ್ಯಪಿನಲ್ಲಿ ಸಾಹೇಬರ ಹೆಸರನ್ನೂ ಸೇರಿಸಿ ಅವರ ಕೈಗೂ ಒಂದು ಕಾರ್ಡು ಕೊಟ್ಟರು. "ತಾವೂ ಕುಂದರ್ರಿ ಸಾಹೇಬ್ರ. ನೋಡಿದ್ದಕ್ಕಿಂತ ಆಡಿದ್ರ ಚಲೋ ತಿಳಿತೈತಿ."

ಟೀಚರ್ ಹಲಗೆಯ ಮೇಲೆ ಪ್ರಶ್ನೆ ಬರೆದು ಕೆಳಗೆ ನಾಲ್ಕು ಉತ್ತರ ಕೊಟ್ಟರು: ಒಂದನ್ನು ಅರ್ಧದಿಂದ ಭಾಗಿಸಿದರೆ ಎಷ್ಟು?

ಸಾಹೇಬರು ಮೀಸೆ ತೀಡಿ "ಅರ್ಧ" ಎಂಬ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿದರು. ಟೀಚರ್ ಎಲ್ಲರತ್ತ ಮೊಬೈಲ್ ತಿರುಗಿಸಿದರು. ಮೂವತ್ತೂ ಹೆಸರು ಹಸಿರು. ಒಂದೇ ಒಂದು ಕೆಂಪು.

"ಆ್ಯಪು ಕೆಟ್ಟೈತಿ!" ಎಂದರು ಸಾಹೇಬರು.

ಮುಂದಿನ ಸಾಲಿನ ಶಂಕ್ರವ್ವ ಎದ್ದು ನಿಂತಳು. "ಒಂದು ರೊಟ್ಯಾಗ ಅರ್ಧ ರೊಟ್ಟಿ ಎಷ್ಟು ಅದಾವ್ರಿ ಸಾಹೇಬ್ರ?"

ಸಾಹೇಬರು ಗಾಳಿಯಲ್ಲೇ ರೊಟ್ಟಿ ಮುರಿದು ನೋಡಿದರು. "ಎರಡು..." ಎಂದವರೇ ಹೊಟ್ಟೆ ಹಿಡಿದು ನಕ್ಕರು. ಮಕ್ಕಳೂ ಹೋ ಎಂದು ನಕ್ಕರು.

ನೋಟಿಸಿನ ಮಾತೇ ಬರಲಿಲ್ಲ. ಸಾಹೇಬರು ಟೀಚರ್ ಹತ್ತಿರ ಬಗ್ಗಿ, "ನನ್ನ ಕೆಂಪು ಅಳಿಸಾಕ ಬರ್ತೈತೇನ್ರಿ?" ಎಂದು ಪಿಸುಗುಟ್ಟಿದರು.

"ಇನ್ನೊಮ್ಮೆ ಆಡ್ರಿ ಸಾಹೇಬ್ರ," ಎಂದರು ನೀಲವ್ವ ಟೀಚರ್. "ಆ್ಯಪು ಉಚಿತ ಐತಿ. ಎಷ್ಟು ಸಲ ಬೇಕಾದ್ರೂ ತಪ್ಪಬಹುದು."