ಬಿಚ್ಚದ ಗಂಟು

ಸಂಶೋಧನಾ ಪತ್ರಿಕೆಯ ಗುಮಾಸ್ತ ಪುಟ್ಟಸಿದ್ದಯ್ಯನ ಕೆಲಸ ಇಷ್ಟೇ. ಬಂದ ಲೇಖನದಿಂದ ಬರೆದವರ ಹೆಸರು ತೆಗೆಯಬೇಕು, ದಾರ ಕಟ್ಟಬೇಕು, ಓದಿ ಅಭಿಪ್ರಾಯ ಹೇಳುವ ವಿದ್ವಾಂಸರಿಗೆ ಕಳಿಸಬೇಕು. ಪ್ರೊಫೆಸರ್ ಚಕ್ರಪಾಣಿಯವರಿಗೆ ಕಳಿಸಿದ್ದೆಲ್ಲ ಅವನು ಹಾಕಿದ ಗಂಟನ್ನೂ ಬಿಚ್ಚದೆ ವಾಪಸು ಬರುತ್ತಿತ್ತು. ಮೇಲೊಂದು ಚೀಟಿ: ‘ಹುರುಳಿಲ್ಲ. ತಿರಸ್ಕರಿಸಿ.’ ಭಾಗೀರಥಿ ಮೇಡಂ ಆರು ವರ್ಷ ಊರೂರು ಅಲೆದು ಬರೆದದ್ದೂ ಹಾಗೆಯೇ ಬಂದು ಬೀರುವಿನಲ್ಲಿ ಬಿದ್ದಿತ್ತು.

ಒಂದು ದಿನ ಪ್ರೊಫೆಸರೇ ತಮ್ಮ ಲೇಖನ ಹಿಡಿದು ಬಂದರು.

“ಕಂಡಕಂಡವರ ಕೈಗೆ ಕೊಡಬೇಡ. ನನಗೆ ಸರಿಸಮಾನರಾದವರೇ ನೋಡಬೇಕು. ತಪ್ಪಿದರೆ ನಿನ್ನ ಕೆಲಸ ಹೋಯಿತು ಅಂತ ತಿಳಕೋ.”

ಪುಟ್ಟಸಿದ್ದಯ್ಯ ಸಂಜೆಯವರೆಗೂ ಯೋಚಿಸಿದ. ಆಮೇಲೆ ಹೆಸರು ತೆಗೆದ, ಗಂಟು ಹಾಕಿದ, ಪ್ರೊಫೆಸರ ವಿಳಾಸಕ್ಕೇ ಕಳಿಸಿದ. ವಾರದೊಳಗೆ ಗಂಟಿನ ಸಮೇತ ವಾಪಸು ಬಂತು, ಚೀಟಿಯೂ ಬಂತು. ನಿಯಮದಂತೆ ಪ್ರೊಫೆಸರಿಗೆ ತಿರಸ್ಕಾರದ ಪತ್ರ ಹೋಯಿತು.

ಪತ್ರ ಕೈಸೇರಿದ್ದೇ ತಡ, ಅವರು ಕೆಂಡಾಮಂಡಲವಾಗಿ ಬಂದರು.

“ಯಾವ ಮೂರ್ಖನಯ್ಯಾ ಇದನ್ನು ನೋಡಿದವನು?”

“ತಮಗೆ ಸರಿಸಮಾನರು ಯಾರು ಅಂತ ಹುಡುಕಿದೆ ಸಾರ್. ಒಬ್ಬರೇ ಸಿಕ್ಕಿದ್ದು,” ಎಂದು ಚೀಟಿಯನ್ನು ಮುಂದಿಟ್ಟ.

ತಮ್ಮದೇ ಅಕ್ಷರ. ಪ್ರೊಫೆಸರ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮೆಲ್ಲಗೆ, “ಹಿಂದೆ ನಾನು ಬೇಡ ಅಂದದ್ದು ಒಂದಾದರೂ ಇದ್ದರೆ ಕೊಡಪ್ಪಾ, ಓದುತ್ತೇನೆ,” ಎಂದರು.

ಪುಟ್ಟಸಿದ್ದಯ್ಯ ಬೀರು ತೆಗೆದು, ಧೂಳು ಕೊಡವಿ, ಭಾಗೀರಥಿ ಮೇಡಂ ಲೇಖನ ಕೊಟ್ಟ.

“ಓದಿ ಸಾರ್. ಆದರೆ ನಿಮ್ಮ ಅಭಿಪ್ರಾಯ ಯಾರಿಗೆ ಕಳಿಸಲಿ? ಆ ಮೇಡಂ ಬರೆಯೋದು ಬಿಟ್ಟು ನಾಲ್ಕು ವರ್ಷ ಆಯ್ತು.”