ಐವತ್ತು ತುಂಬದ ಸ್ಕೂಟರ್

ಮೆಕ್ಯಾನಿಕ್ ದಸ್ತಗೀರ್ ಸಾಬರ ಹತ್ತಿರ ಅವರಪ್ಪ ಕೊಂಡಿದ್ದ ಸ್ಕೂಟರ್ ಇತ್ತು. ಅದರ ವಯಸ್ಸು ನಲವತ್ತೆಂಟು. ಹಳೇ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಿ ಉಳಿಸಿಕೊಳ್ಳಲು ನಲವತ್ತು ವರ್ಷ ತುಂಬಿದ್ದರೆ ಸಾಕಿತ್ತು. ಇದ್ದಕ್ಕಿದ್ದಂತೆ ನಿಯಮ ಬದಲಾಯಿತು. ಸೋಮವಾರದಿಂದ ಐವತ್ತು ತುಂಬಿರಬೇಕು, ಇಲ್ಲದಿದ್ದರೆ ಗಾಡಿ ಗುಜರಿಗೆ. ಅಷ್ಟರೊಳಗೆ ಸಹಿ ಬಿದ್ದರೆ ಬಚಾವ್.

ಸಾಬರ ಅರ್ಜಿ ಮೂರು ತಿಂಗಳಿಂದ ಆರ್‌ಟಿಒ ಸಾಹೇಬರ ಮೇಜಿನ ಮೇಲೇ ಮಲಗಿತ್ತು. ಶುಕ್ರವಾರ ಮಧ್ಯಾಹ್ನ ಸಾಬರು ಹೋಗಿ ನಿಂತರು.

"ಸಾಹೇಬ್ರೇ, ಒಂದು ಸಹಿ."

"ನಾನೇನು ಸಹಿ ಹಾಕೋ ಮಿಷನ್ನೇನ್ರೀ? ಸೋಮವಾರ ಬನ್ನಿ!" ಸಾಹೇಬರು ಗುಡುಗಿದರು. ಆಫೀಸಿನವರೆಲ್ಲ ತಲೆ ಎತ್ತಿದರು.

ಸಾಬರು ಕೈಮುಗಿದರು. "ಆಗ್ಲಿ ಸಾಹೇಬ್ರೇ, ಅವಸರ ಏನಿಲ್ಲ. ಫೈಲು ನಿಮ್ಮ ಹತ್ರಾನೇ ಇರಲಿ. ಗಾಡಿಗೆ ಐವತ್ತು ತುಂಬೋಕೆ ಇನ್ನೆರಡೇ ವರ್ಷ. ನೀವು ಸಹಿ ಹಾಕೋ ಹೊತ್ತಿಗೆ ಹೆಂಗೂ ತುಂಬಿರುತ್ತೆ."

ಟೈಪಿಸ್ಟ್ ಬಾಯಿಗೆ ಸೆರಗು ಅಡ್ಡ ಹಿಡಿದರು. ಗುಮಾಸ್ತರಿಗೆ ಕೆಮ್ಮು ಬಂತು. ಸಾಹೇಬರ ಕಿವಿ ಕೆಂಪಾಯಿತು.

"ಏನಂದ್ಕೊಂಡಿದೀರಿ ನಮ್ಮ ಆಫೀಸನ್ನ? ತಗೊಳ್ರೀ!" ಎಂದು ಫೈಲು ಎಳೆದು, ಮೂರು ಕಡೆ ಸಹಿ ಗೀಚಿ, ಮೇಜು ಅದುರುವಂತೆ ಸೀಲನ್ನೂ ತಾವೇ ಕುಟ್ಟಿದರು.

ಜವಾನ ಓಬಳೇಶ ಹೊರಗೆ ಓಡಿಬಂದ. "ಮೂರು ತಿಂಗಳಿಂದ ಅಲ್ಲಾಡದ ಸಾಹೇಬ್ರು ಮೂರೇ ನಿಮಿಷಕ್ಕೆ ಸಹಿ ಹಾಕಿಬಿಟ್ರಲ್ಲ! ಅದೇನು ಮಾಡಿದ್ರಿ ಸಾಬ್ರೇ?"

ಸಾಬರು ಕಾಗದ ಜೇಬಿಗಿಟ್ಟು ಸ್ಕೂಟರ್ ಹತ್ತಿದರು.

"ಹಳೇ ಗಾಡಿ ಬೈದ್ರೆ ಸ್ಟಾರ್ಟ್ ಆಗುತ್ತೇನಪ್ಪಾ? ಮೊದಲು ಮೆತ್ತಗೆ ಚೋಕ್ ಎಳೀಬೇಕು. ಆಮೇಲೆ ಒಂದೇ ಕಿಕ್ಕು."